ಪಿಂಚಣಿಯ ಜೊತೆ ಬರುವ ಬಾಟಲಿ

ಹತ್ತೊಂಬತ್ತಕ್ಕೆ ಸೈನ್ಯಕ್ಕೆ ಭರ್ತಿಯಾದ ಹುಡುಗ ನಲವತ್ತು ತುಂಬುವ ಮೊದಲೇ ಮಾಜಿ ಸೈನಿಕನಾಗಿ ಊರಿಗೆ ಮರಳುತ್ತಾನೆ. ಸಿಪಾಯಿಗೆ ಪಿಂಚಣಿ ಸಿಗಲು 15 ವರ್ಷದ ಸೇವೆ ಸಾಕು. ಬಡ್ತಿ ಸಿಗದ ಬಹಳಷ್ಟು ಜವಾನರು ಅದಾದ ಕೆಲವೇ ವರ್ಷಗಳಲ್ಲಿ ಹೊರಬರುತ್ತಾರೆ. ಅದೇ ವಯಸ್ಸಿನ ಶಾಲಾ ಮೇಷ್ಟ್ರಿಗೆ ಇನ್ನೂ ಇಪ್ಪತ್ತು ವರ್ಷದ ನೌಕರಿ ಬಾಕಿ ಇರುತ್ತದೆ. ಯಲಬುರ್ಗಾ ತಾಲ್ಲೂಕಿನಂಥ ಒಣಬೇಸಾಯದ ಸೀಮೆಗೆ ಬಂದವನಿಗೆ ಮುಂಗಾರಿನಲ್ಲಿ ಹೆಸರು, ಹಿಂಗಾರಿನಲ್ಲಿ ಜೋಳ, ಕಡಲೆ. ಉಳಿದ ತಿಂಗಳು ಕೈಗೆ ಕೆಲಸವಿಲ್ಲ. ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗಿ ಸೆಕ್ಯುರಿಟಿ ಕೆಲಸ ಮಾಡಲು ಮನಸ್ಸು ಒಪ್ಪದಿದ್ದರೆ ಊರೇ ಗತಿ. ತಿಂಗಳಿಗೊಮ್ಮೆ ಬ್ಯಾಂಕಿಗೆ ಪಿಂಚಣಿ ಬೀಳುತ್ತದೆ. ಕ್ಯಾಂಟೀನ್ ಕಾರ್ಡಿನ ಮೇಲೆ ಮದ್ಯದ ಕೋಟಾವೂ ಸಿಗುತ್ತದೆ.

ಸೈನಿಕರ ಕುಡಿತ ಎಂದ ತಕ್ಷಣ ನಮಗೆ ಗಡಿಯ ಚಳಿ, ಗುಂಡಿನ ಸದ್ದು, ಹೆಂಡತಿ ಮಕ್ಕಳಿಂದ ದೂರವಿರುವ ಸಂಕಟ ನೆನಪಾಗುತ್ತವೆ. ಅವೆಲ್ಲ ನಿಜವಾದ ಕಾರಣಗಳೇ. ಆದರೆ ಹೆಚ್ಚಿನ ಅಪಾಯ ಇರುವುದು ಮನೆಗೆ ಮರಳಿದ ಮೊದಲ ಒಂದೆರಡು ವರ್ಷಗಳಲ್ಲಿ ಎಂದು ನನಗನ್ನಿಸುತ್ತದೆ. ಗಡಿಯಲ್ಲಿ ನಡೆಯುವುದರ ಮೇಲೆ ನಮ್ಮ ಕೈ ನಡೆಯದು. ಮನೆಯಲ್ಲಿ, ಓಣಿಯಲ್ಲಿ ನಡೆಯುವುದರ ಮೇಲೆ ನಡೆಯುತ್ತದೆ.

ಸೈನ್ಯದೊಳಗೆ ಮದ್ಯಕ್ಕೆ ಒಂದು ವಿಚಿತ್ರ ಸ್ಥಾನವಿದೆ. 1948ರಲ್ಲಿ ಶುರುವಾದ ಕ್ಯಾಂಟೀನ್ ಸ್ಟೋರ್ಸ್ ಡಿಪಾರ್ಟ್‌ಮೆಂಟ್ ಸಾಬೂನು, ಕುಕ್ಕರ್, ಫ್ರಿಜ್‌ಗಳಂತೆ ಮದ್ಯವನ್ನೂ ರಿಯಾಯಿತಿ ದರದಲ್ಲಿ ಒದಗಿಸುತ್ತದೆ. ತಿಂಗಳಿಗೆ ಎಷ್ಟು ಬಾಟಲಿ ಎನ್ನುವುದು ಹುದ್ದೆಯ ಮೇಲೆ ನಿರ್ಧಾರವಾಗುತ್ತದೆ. ಅಧಿಕಾರಿ, ಜವಾನ ಎಲ್ಲರೂ ಕೂಡಿ ಉಣ್ಣುವ ಬಡಾಖಾನಾದಲ್ಲಿ ರಮ್ಮಿಗೂ ಜಾಗವಿರುತ್ತದೆ. ಅದೇ ಸೈನ್ಯ ಕುಡಿದು ತೂರಾಡುವವನನ್ನು ಸಹಿಸುವುದಿಲ್ಲ. 1950ರ ಸೈನ್ಯ ಕಾಯ್ದೆಯ 48ನೇ ಕಲಮಿನ ಪ್ರಕಾರ, ಡ್ಯೂಟಿಯ ಮೇಲಿರಲಿ, ಬಿಡಲಿ, ಅಮಲೇರಿದ ಸ್ಥಿತಿಯಲ್ಲಿ ಸಿಕ್ಕಿಬಿದ್ದ ಜವಾನನಿಗೆ ಸೆರೆವಾಸ ವಿಧಿಸಬಹುದು. ಇದರ ಮೇಲೆ ನಸುಕಿನ ಪಿ.ಟಿ., ಹಾಜರಿ, ಪಹರೆಯ ಪಾಳಿ, ಹವಾಲ್ದಾರನ ಕಣ್ಣು. ಇಷ್ಟೆಲ್ಲ ಇರುವುದರಿಂದ ಅನೇಕರ ಕುಡಿತ ಒಂದು ಮಿತಿಯಲ್ಲಿ ಉಳಿಯುತ್ತದೆ. ಆ ಮಿತಿ ತನ್ನದೇ ಸಂಯಮ ಎಂದು ಜವಾನ ನಂಬಿರುತ್ತಾನೆ. ಬಹುಪಾಲು ಅದು ದಿನಚರಿ ಹಾಕಿಕೊಟ್ಟದ್ದು.

ಊರಿಗೆ ಬಂದ ದಿನ ಆ ದಿನಚರಿ ಮುಗಿಯುತ್ತದೆ, ಬಾಟಲಿ ಮಾತ್ರ ಮುಂದುವರಿಯುತ್ತದೆ. ಕ್ಯಾಂಟೀನಿರುವ ಊರಿಗೆ ಬಸ್ಸು ಹತ್ತಿ ಹೋಗಬೇಕಾದವರು ತಿಂಗಳ ಕೋಟಾವನ್ನು ಒಂದೇ ಸಲ ತಂದು ಟ್ರಂಕಿನಲ್ಲಿ ಇಡುತ್ತಾರೆ. ಸಂಜೆ ಗೆಳೆಯರು ಸೇರುತ್ತಾರೆ. ಕೆಲಸ ಮಾಡಿಕೊಟ್ಟವರಿಗೆ ಒಂದು, ಬೀಗರಿಗೆ ಒಂದು ಎಂದು ಹಂಚಿಕೆಯಾಗುತ್ತದೆ. ಇಲ್ಲಿ ಅದಕ್ಕೆ ಬೆಲೆಗಿಂತ ಮರ್ಯಾದೆ ಹೆಚ್ಚು. “ಮಿಲ್ಟ್ರಿ ಮಾಲ್ ಐತ್ರಿ, ಏನೂ ಮಾಡಾಂಗಿಲ್ಲ” ಎನ್ನುವ ಮಾತನ್ನು ನಮ್ಮ ಕಡೆ ಕೇಳದವರಿಲ್ಲ.

ಮಾಡುತ್ತದೆ. ಕಲಬೆರಕೆ ಇಲ್ಲದಿರಬಹುದು, ಆದರೆ ಒಳಗಿರುವುದು ಅದೇ ಆಲ್ಕೋಹಾಲು. ನಮ್ಮಲ್ಲಿ ಮಾರುವ ರಮ್, ವಿಸ್ಕಿಗಳಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಆಲ್ಕೋಹಾಲ್ ಇರುತ್ತದೆ. 30 ಮಿ.ಲೀ. ಅಳತೆಯಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್ ಸಿಗುತ್ತದೆ, ಅಷ್ಟನ್ನು ಕರಗಿಸಲು ಯಕೃತ್ತಿಗೆ ಹೆಚ್ಚುಕಡಿಮೆ ಒಂದು ತಾಸು ಬೇಕು. 180 ಮಿ.ಲೀ.ನ ಕ್ವಾರ್ಟರ್ ಎಂದರೆ ಅಂಥ ಆರು ಅಳತೆ. ರಾತ್ರಿ ಒಂಬತ್ತಕ್ಕೆ ಕ್ವಾರ್ಟರ್ ಮುಗಿಸಿದವನ ರಕ್ತ ತಿಳಿಯಾಗುವಷ್ಟರಲ್ಲಿ ನಡುರಾತ್ರಿ ಕಳೆದಿರುತ್ತದೆ. ಎರಡು ಕ್ವಾರ್ಟರ್ ಕುಡಿದವನು ನಸುಕಿನಲ್ಲಿ ಬೈಕ್ ಹತ್ತಿ ಹೊಲಕ್ಕೆ ಹೊರಟರೆ ಅಮಲಿನಲ್ಲೇ ಹೊರಟಂತೆ. ಇಡೀ 750 ಮಿ.ಲೀ. ಬಾಟಲಿಯಲ್ಲಿ 25 ಅಳತೆಗಳಿವೆ. ಮದ್ಯವು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 1988ರಲ್ಲೇ ಹೇಳಿತ್ತು. ಇಂತಿಷ್ಟು ಕುಡಿದರೆ ಅಪಾಯವಿಲ್ಲ ಎನ್ನುವಂಥ ಪ್ರಮಾಣವೇ ಇಲ್ಲ ಎಂದು ಆ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿತು.

ಚಳಿಗೆ ರಮ್ ಬೇಕೇ ಬೇಕು ಎಂಬ ನಂಬಿಕೆಯೂ ತಪ್ಪು. ಆಲ್ಕೋಹಾಲ್ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಬಿಸಿ ರಕ್ತ ಹೊರಮೈಗೆ ನುಗ್ಗುತ್ತದೆ, ಮೈ ಬೆಚ್ಚಗಾದಂತೆ ತೋರುತ್ತದೆ. ಅದೇ ಹೊತ್ತಿಗೆ ಒಳಗಿನ ಶಾಖ ಹೊರಗೆ ಸೋರಿಹೋಗುತ್ತಿರುತ್ತದೆ. ನಿದ್ರೆಯದೂ ಇಂಥದೇ ಕತೆ. ಕುಡಿದವನಿಗೆ ಬೇಗ ಜೊಂಪು ಹತ್ತುತ್ತದೆ ನಿಜ, ಆದರೆ ರಾತ್ರಿಯ ಎರಡನೇ ಅರ್ಧದಲ್ಲಿ ನಿದ್ರೆ ಮತ್ತೆಮತ್ತೆ ಹರಿಯುತ್ತದೆ. ಕೆಟ್ಟ ಕನಸಿನಿಂದ ತಪ್ಪಿಸಿಕೊಳ್ಳಲು ಕುಡಿದ ಸೈನಿಕ ಮೂರು ಗಂಟೆಗೆ ಬೆವತು ಎಚ್ಚರಗೊಂಡು ಮತ್ತೆ ಬಾಟಲಿ ಹುಡುಕುತ್ತಾನೆ.

“ಎಷ್ಟು ಕುಡದ್ರೂ ಜೋಲಿ ಹೊಡ್ಯಾಂಗಿಲ್ಲ, ಗಟ್ಟಿ ಮನಷ್ಯಾ” ಎಂದು ನಾವು ಮೆಚ್ಚುತ್ತೇವಲ್ಲ, ವೈದ್ಯರ ಕಣ್ಣಿಗೆ ಅದು ಎಚ್ಚರಿಕೆಯ ಗುರುತು. ಮಿದುಳು ಮದ್ಯಕ್ಕೆ ಒಗ್ಗಿಕೊಂಡಿದೆ ಎಂದು ಅದರ ಅರ್ಥ. ಹಗ್ಗ ಜಗ್ಗಾಟ ಎಲ್ಲರೂ ನೋಡಿದ್ದೇವೆ. ಮದ್ಯ ಮಿದುಳನ್ನು ಮಂದಗೊಳಿಸುವ ಕಡೆಗೆ ಎಳೆಯುತ್ತದೆ. ದಿನವೂ ಎಳೆದರೆ ಮಿದುಳು ಉದ್ರೇಕದ ಕಡೆಗೆ ಅಷ್ಟೇ ಜೋರಾಗಿ ಎಳೆದು ಸಮ ಮಾಡಿಕೊಳ್ಳುತ್ತದೆ. ಒಂದು ದಿನ ಮದ್ಯದ ಕಡೆಯವರು ಹಗ್ಗ ಕೈಬಿಟ್ಟರೆ? ಇನ್ನೊಂದು ಪಕ್ಷ ಧಡಾರನೆ ಹಿಂದಕ್ಕೆ ಬೀಳುತ್ತದೆ.

ಈ ಬೀಳುವಿಕೆಯನ್ನು ಪ್ರತಿ ಮನೆಯವರೂ ತಿಳಿದಿರಬೇಕು, ಏಕೆಂದರೆ ಇದರಿಂದ ಪ್ರಾಣ ಹೋಗುತ್ತದೆ. ವರ್ಷಗಟ್ಟಲೆ ದಿನವೂ ಕುಡಿದವನು ದೇವರ ಮೇಲೆ ಆಣೆ ಮಾಡಿ ಒಮ್ಮೆಲೇ ಬಿಟ್ಟುಬಿಟ್ಟರೆ ಕೆಲವೇ ತಾಸುಗಳಲ್ಲಿ ಕೈ ನಡುಗುತ್ತದೆ, ಬೆವರುತ್ತದೆ, ವಾಂತಿಯಾಗುತ್ತದೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಇಲ್ಲದ ಹುಳು ಹುಪ್ಪಡಿ ಕಾಣುತ್ತವೆ, ಇಲ್ಲದ ದನಿ ಕೇಳುತ್ತದೆ, ಹಗಲೋ ರಾತ್ರಿಯೋ ತಿಳಿಯದು. ಮನೆಯವರು ಗಾಳಿ ಸೋಕಿದೆ ಎಂದು ಯಂತ್ರ ಕಟ್ಟಿಸಲು ಓಡುತ್ತಾರೆ. ಮಾಜಿ ಸೈನಿಕನಾದರೆ ಗಡಿಯಲ್ಲಿ ಕಂಡದ್ದು ತಲೆಗೆ ಹೊಕ್ಕಿದೆ ಎನ್ನುತ್ತಾರೆ. ಅದು ಮದ್ಯ ನಿಂತದ್ದರ ಪರಿಣಾಮ, ಆಸ್ಪತ್ರೆಯಲ್ಲಿ ಔಷಧಿಯಿಂದ ಹತೋಟಿಗೆ ಬರುತ್ತದೆ. ಹಾಗಾಗಿ ಬಿಡುವ ಮನಸ್ಸು ಮಾಡಿದವನು ಮೊದಲು ವೈದ್ಯರ ಬಳಿ ಹೋಗಬೇಕು, ಆಮೇಲೆ ಬಿಡಬೇಕು.

ಇನ್ನೊಂದು ಸಂಗತಿ. ನಿಶ್ಶಕ್ತಿ ಬಂದಿದೆ, “ಒಂದು ಬಾಟ್ಲಿ ಏರಿಸ್ರಿ” ಎಂದು ಗ್ಲೂಕೋಸಿಗೆ ಒತ್ತಾಯ ಮಾಡುವುದು ನಮ್ಮಲ್ಲಿ ರೂಢಿ. ದೀರ್ಘಕಾಲ ಕುಡಿದವರ ದೇಹದಲ್ಲಿ ಥಯಾಮಿನ್, ಅಂದರೆ ಬಿ-1 ಜೀವಸತ್ವ, ಬರಿದಾಗಿರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಮಾತ್ರ ಏರಿಸಿದರೆ ಮಿದುಳಿಗೆ ಶಾಶ್ವತ ಪೆಟ್ಟಾಗುವ ಅಪಾಯವಿದೆ. ಆದ್ದರಿಂದ ಡ್ರಿಪ್ ಹಚ್ಚುವ ಮುಂಚೆಯೇ ಕುಡಿತದ ವಿಷಯವನ್ನು ನಾಚಿಕೆ ಬಿಟ್ಟು ವೈದ್ಯರಿಗೆ ಹೇಳಿ.

ಗಂಡನಿಗೆ ಗೊತ್ತಾಗದಂತೆ ಸಾರಿನಲ್ಲಿ ಕುಡಿತ ಬಿಡಿಸುವ ಮಾತ್ರೆ ಬೆರೆಸುವ ಹೆಂಡತಿಯರ ಸಂಕಟ ನನಗೆ ಅರ್ಥವಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಮಾತ್ರೆ ಬಹುತೇಕ ಡೈಸಲ್ಫಿರಾಮ್ ಆಗಿರುತ್ತದೆ. ಅದು ಮೈಯಲ್ಲಿರುವಾಗ ಮದ್ಯ ಬಿದ್ದರೆ ಮುಖ ಕೆಂಪೇರಿ, ಎದೆ ಬಡಿದುಕೊಂಡು, ರಕ್ತದೊತ್ತಡ ಕುಸಿಯಬಹುದು. ಹೃದಯ ದುರ್ಬಲವಿದ್ದವರು ಸಾಯಲೂಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಈ ಅಪಾಯ ಇರುತ್ತದೆ. ರೋಗಿ ತಿಳಿದು, ಒಪ್ಪಿ, ವೈದ್ಯರ ನಿಗಾದಲ್ಲಿ ತೆಗೆದುಕೊಂಡರೆ ಇದೇ ಮಾತ್ರೆ ಉಪಯೋಗಕ್ಕೆ ಬರುತ್ತದೆ. ಕುಡಿಯುವ ತುಡಿತವನ್ನು ತಗ್ಗಿಸುವ ನಾಲ್ಟ್ರೆಕ್ಸೋನ್, ಅಕ್ಯಾಂಪ್ರೊಸೇಟ್‌ನಂಥ ಬೇರೆ ಔಷಧಿಗಳೂ ಇವೆ.

ಕುಡಿತ ರೋಗದ ಮಟ್ಟ ಮುಟ್ಟಿದೆಯೇ ಎಂದು ತಿಳಿಯಲು ವೈದ್ಯರು ಕೇಳುವ ಕೆಲವು ಸರಳ ಪ್ರಶ್ನೆಗಳಿವೆ. ಕಡಿಮೆ ಮಾಡಬೇಕು ಎಂದು ನಿಮಗೇ ಅನ್ನಿಸಿದೆಯೇ? ಯಾರಾದರೂ ಕುಡಿತದ ಮಾತೆತ್ತಿದರೆ ಸಿಟ್ಟು ಬರುತ್ತದೆಯೇ? ಕುಡಿದದ್ದಕ್ಕೆ ಆಮೇಲೆ ಮನಸ್ಸು ಚುಚ್ಚುತ್ತದೆಯೇ? ಬೆಳಗ್ಗೆ ಎದ್ದ ಕೂಡಲೇ ಕೈ ನಡುಕ ನಿಲ್ಲಿಸಲು ಒಂದು ಗುಟುಕು ಬೇಕಾಗುತ್ತದೆಯೇ? ಎರಡಕ್ಕೆ ಹೌದು ಎಂದವರು ತಡ ಮಾಡಬಾರದು. ಕೊನೆಯದೊಂದಕ್ಕೇ ಹೌದು ಎಂದರೂ ಆಸ್ಪತ್ರೆಗೆ ಹೋಗಬೇಕು.

ಹೋಗುವವರು ಬಹಳ ಕಡಿಮೆ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯದ ಸಮಸ್ಯೆಗೆ ನೆರವು ಬೇಕಿರುವವರು ಸುಮಾರು 5.7 ಕೋಟಿ. ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗಷ್ಟೇ ಏನಾದರೂ ಚಿಕಿತ್ಸೆ ಸಿಕ್ಕಿತ್ತು. ಸೈನಿಕರಿಗೆ ಮುಚ್ಚಿಡಲು ಇನ್ನೂ ಒಂದು ಕಾರಣವಿದೆ. ಸೇವೆಯಲ್ಲಿರುವಾಗ ಮದ್ಯವ್ಯಸನ ದಾಖಲಾದರೆ ಮೆಡಿಕಲ್ ಕೆಟಗರಿ ಕೆಳಗಿಳಿಯುತ್ತದೆ, ಬಡ್ತಿ, ಪೋಸ್ಟಿಂಗಿಗೆ ತೊಡಕಾಗುತ್ತದೆ ಎಂಬ ಭಯ. ಹತ್ತಾರು ವರ್ಷ ಬಚ್ಚಿಟ್ಟು ರೂಢಿಯಾದವನು ಊರಿಗೆ ಬಂದ ಮೇಲೂ ಬಚ್ಚಿಡುತ್ತಾನೆ. ಚಿಕಿತ್ಸೆ ಪಡೆದರೆ ಪಿಂಚಣಿ ನಿಲ್ಲುತ್ತದೆಂದು ಹೆದರುವವರಿದ್ದಾರೆ. ಹಾಗೇನೂ ಆಗುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯವ್ಯಸನದಿಂದ ಬರುವ ತೊಂದರೆಗಳನ್ನೂ ಕಾಯಿಲೆಯೆಂದೇ ಪರಿಗಣಿಸುತ್ತದೆ, ರೋಗಿಯ ಗುಟ್ಟು ಕಾಪಾಡುವ ಹೊಣೆಯನ್ನು ಆಸ್ಪತ್ರೆಯ ಮೇಲೆ ಹೊರಿಸುತ್ತದೆ.

ಜಾಗ ಮತ್ತು ದಿನಚರಿ ವ್ಯಸನದ ಮೇಲೆ ಎಷ್ಟು ಪ್ರಭಾವ ಬೀರುತ್ತವೆ ಎನ್ನುವುದಕ್ಕೆ ಅಮೆರಿಕದ ಒಂದು ಅಧ್ಯಯನ ನೆನಪಾಗುತ್ತದೆ. ವಿಯೆಟ್ನಾಂ ಯುದ್ಧದಿಂದ 1971ರಲ್ಲಿ ಮರಳಿದ ಸೈನಿಕರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಹಿಂಬಾಲಿಸಿದರು. ಅಲ್ಲಿ ಹೆರಾಯಿನ್‌ಗೆ ಅಂಟಿಕೊಂಡಿದ್ದವರಲ್ಲಿ ಬಹುಪಾಲು ಜನ ಊರಿಗೆ ಮರಳಿದ ಮೇಲೆ ಅದರ ಹಿಡಿತಕ್ಕೆ ಮತ್ತೆ ಬೀಳಲಿಲ್ಲ. ಊರಿನಲ್ಲಿ ಆ ಸುಲಭ ಪೂರೈಕೆ ಇರಲಿಲ್ಲ, ಆ ಸಂಗಡಿಗರಿರಲಿಲ್ಲ, ಆ ಭಯವೂ ಇರಲಿಲ್ಲ. ನಮ್ಮ ಜವಾನರ ವಿಷಯದಲ್ಲಿ ಲೆಕ್ಕ ತಿರುಗುಮುರುಗು: ತಡೆಯುತ್ತಿದ್ದದ್ದೆಲ್ಲ ಹಿಂದುಳಿಯಿತು, ಪೂರೈಕೆ ಬೆನ್ನಟ್ಟಿ ಬಂತು.

ಈ ಭಾಗದಲ್ಲಿ ಮದ್ಯದ ವಿರುದ್ಧ ದನಿ ಎತ್ತಿದವರು ಹೆಂಗಸರು. ಸಾರಾಯಿ 2007ರ ಜುಲೈ 1ರಿಂದ ರಾಜ್ಯದಲ್ಲಿ ನಿಷೇಧವಾಯಿತು. ಅದರ ಜಾಗಕ್ಕೆ ಬ್ರಾಂಡಿ ವಿಸ್ಕಿ ಬಂತು. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಹೋದರು. ಆದರೆ ಬಾರಿನ ಮುಂದೆ ಧರಣಿ ಕೂರಬಹುದು, ಮನೆಯ ಟ್ರಂಕಿನಲ್ಲಿರುವ ಕೋಟಾದ ಮುಂದೆ ಕೂರುವುದು ಹೇಗೆ? ಅಲ್ಲಿ ಕೆಲಸಕ್ಕೆ ಬರುವುದು ಮಾಜಿ ಸೈನಿಕರ ಸಂಘಗಳೇ. ಹೊಸದಾಗಿ ಮರಳಿದವನನ್ನು ಮೊದಲ ವಾರವೇ ಕಂಡು, ಬೆಳಗಿನ ಓಟಕ್ಕೆ ಕರೆದು, ಭರ್ತಿಗೆ ತಯಾರಾಗುತ್ತಿರುವ ಹುಡುಗರಿಗೆ ತರಬೇತಿ ಕೊಡುವ ಹೊಣೆ ಒಪ್ಪಿಸಿದರೆ ನಸುಕಿಗೆ ಏಳುವ ಕಾರಣ ಅವನಿಗೆ ಮತ್ತೆ ಸಿಗುತ್ತದೆ. ಹಿರಿಯ ಸುಬೇದಾರ್ ಸಾಹೇಬರೊಬ್ಬರು ‘ನಾನೂ ಚಿಕಿತ್ಸೆ ತಗೊಂಡೆ’ ಎಂದು ಹೇಳಿದರೆ ಅದರ ತೂಕವೇ ಬೇರೆ.

ಇದಕ್ಕೆ ಈಗ ಅವಸರವೂ ಬಂದಿದೆ. 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯಡಿ ಸೇರಿದವರ ಸೇವೆ ನಾಲ್ಕು ವರ್ಷ. ಕಾಯಂ ಆಗುವವರು ಶೇ 25ರವರೆಗೆ ಮಾತ್ರ. ಉಳಿದವರು ಪಿಂಚಣಿಯಿಲ್ಲದೆ, ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿಯೊಂದಿಗೆ ಇಪ್ಪತ್ತರ ಹರೆಯದಲ್ಲೇ ಮರಳುತ್ತಾರೆ. ಕೈತುಂಬ ಹಣ, ಮುಂದೇನೆಂಬ ಚಿಂತೆ, ಸುತ್ತ ಗೆಳೆಯರು. ಅಂಥ ಹುಡುಗನನ್ನು ಮೊದಲು ಭೇಟಿಯಾಗುವವರು ಯಾರು ಎನ್ನುವುದು ಬಹಳ ಮುಖ್ಯ.

ನೆರವಿನ ದಾರಿ ನಾವು ಅಂದುಕೊಂಡಷ್ಟು ದೂರವಿಲ್ಲ. ಹಳ್ಳಿಯ ಆರೋಗ್ಯ ಕೇಂದ್ರದ ಮಟ್ಟದಲ್ಲೇ ಮಾನಸಿಕ ಚಿಕಿತ್ಸೆ ಕೊಡಬಹುದೆಂದು ನಿಮ್ಹಾನ್ಸ್ 1980ರ ದಶಕದಲ್ಲಿ ತೋರಿಸಿಕೊಟ್ಟದ್ದು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಯಲಬುರ್ಗಾದ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ಕೇಳಿ. ಕೊಪ್ಪಳದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ, ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್ ಇದೆ. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಕಾರ್ಡಿರುವವರು ತಮ್ಮ ಪಾಲಿಕ್ಲಿನಿಕ್‌ನಲ್ಲೂ ವಿಚಾರಿಸಬಹುದು. ಮನೆಯಿಂದಲೇ ಮಾತಾಡಬೇಕೆಂದರೆ 14416 ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಉಚಿತ ಸಂಖ್ಯೆ, ಕನ್ನಡದಲ್ಲೇ ಮಾತಾಡಬಹುದು; ಸೇನಾಪಡೆಯವರಿಗೆಂದೇ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ 2023ರ ಡಿಸೆಂಬರ್‌ನಿಂದ ಅದರ ಪ್ರತ್ಯೇಕ ಘಟಕವಿದೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಕರೆ ಮಾಡುವ ಮುಂಚೆ ನಾಲ್ಕು ವಿಷಯ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಎಷ್ಟು ವರ್ಷದಿಂದ ಕುಡಿಯುತ್ತಿದ್ದಾರೆ, ದಿನಕ್ಕೆ ಎಷ್ಟು, ಕೊನೆಯ ಸಲ ಕುಡಿದದ್ದು ಎಷ್ಟು ಗಂಟೆಗೆ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ. ಫಿಟ್ಸ್ ಬಂದಿದ್ದರೆ ಅಥವಾ ಈಗ ಮಾತು ತೊದಲಿ ಗುರುತು ತಪ್ಪುತ್ತಿದ್ದರೆ ಫೋನಿನಲ್ಲಿ ಸಮಯ ಕಳೆಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆದೊಯ್ಯಿರಿ.