ಕೊಟ್ಟಿಗೆಯ ತೊಳೆನೀರು ಹೊಳೆಗೋ, ಹೊಲಕ್ಕೋ?

ಪಿರಿಯಾಪಟ್ಟಣ ತಾಲ್ಲೂಕಿನ ಕೊಪ್ಪದಲ್ಲಿ ಕಾವೇರಿಯ ಸೇತುವೆ ದಾಟಿದರೆ ಕೊಡಗು. ಈ ಸೀಮೆಯಲ್ಲಿ ಹಸು ಕಟ್ಟಿದ ಮನೆಗಳಲ್ಲಿ ಸಗಣಿ ತಿಪ್ಪೆಯನ್ನು ಸೇರುತ್ತದೆ. ಗಂಜಲ ಬೆರೆತ ತೊಳೆನೀರು ಮಾತ್ರ ಇಳಿಜಾರು ಕಂಡತ್ತ ಹರಿಯುತ್ತದೆ: ಚರಂಡಿಯಿಂದ ಹಳ್ಳಕ್ಕೆ, ಹಳ್ಳದಿಂದ ಕಾವೇರಿಗೆ, ಅಲ್ಲಿಂದ ಕೃಷ್ಣರಾಜಸಾಗರಕ್ಕೆ.

ಹೀಗೆ ಹರಿದುಹೋಗುವುದು ಬರಿಯ ಕೊಳೆಯಲ್ಲ, ಗೊಬ್ಬರ. ಹಸು ವಿಸರ್ಜಿಸುವ ಸಾರಜನಕ ಮತ್ತು ಪೊಟ್ಯಾಷ್‌ಗಳ ದೊಡ್ಡ ಪಾಲು ಗಂಜಲದಲ್ಲಿದೆ. ರಂಜಕ ಬಹುಪಾಲು ಸಗಣಿಯಲ್ಲಿದೆ. ಇವು ನಿಂತ ನೀರನ್ನು ಸೇರಿದಾಗ ಪಾಚಿ ಉಕ್ಕುತ್ತದೆ. ಅದು ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ತೀರಿ ಮೀನುಗಳು ಸಾಯುತ್ತವೆ. ಪಾಚಿ ಹೇಗೂ ಬೆಳೆಯುವುದಾದರೆ ಅದು ಊರಿನ ಕೆರೆಯಲ್ಲಿ ಬೆಳೆಯಬೇಕೇ, ನಮ್ಮ ಹಿತ್ತಲಿನ ತೊಟ್ಟಿಯಲ್ಲೇ?

ಈ ಆಲೋಚನೆ ಹೊಸದಲ್ಲ. ಕ್ಯಾಲಿಫೋರ್ನಿಯದ ವಿಲಿಯಂ ಆಸ್ವಾಲ್ಡ್ 1950ರ ದಶಕದಲ್ಲಿಯೇ ಕೊಳಚೆ ನೀರನ್ನು ಪಾಚಿಯ ಕೊಳಗಳಲ್ಲಿ ಶುದ್ಧಗೊಳಿಸುವ ವಿಧಾನವನ್ನು ರೂಪಿಸಿದರು. ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ 1970ರ ದಶಕದಲ್ಲಿ ಜರ್ಮನಿಯ ಸಹಯೋಗದೊಂದಿಗೆ ಸೂಕ್ಷ್ಮಪಾಚಿಯ ಬೇಸಾಯವನ್ನು ಅಭ್ಯಸಿಸಿತು. ಗೋಬರ್ ಅನಿಲ ಸ್ಥಾವರದಿಂದ ಅನಿಲವಾಗಿ ಹೊರಹೋಗುವುದು ಮುಖ್ಯವಾಗಿ ಇಂಗಾಲ. ಸಾರಜನಕ, ರಂಜಕಗಳು ಬಗ್ಗಡದಲ್ಲಿಯೇ ಉಳಿಯುತ್ತವೆ. ಆ ಬಗ್ಗಡದ ತಿಳಿಯನ್ನು ಸೋಸಿ, ಸಾಕಷ್ಟು ನೀರು ಬೆರೆಸಿ, ಗೇಣುದ್ದ ಆಳದ ತೊಟ್ಟಿಯಲ್ಲಿ ಬಿಸಿಲಿಗೆ ಬಿಟ್ಟು ಕಲಕುತ್ತಿದ್ದರೆ ಸೂಕ್ಷ್ಮಪಾಚಿ ಅವನ್ನು ಹೀರಿ ಬೆಳೆಯುತ್ತದೆ. ನೀರು ಬೆರೆಸದಿದ್ದರೆ ಬಗ್ಗಡದ ಕಪ್ಪು ಬೆಳಕನ್ನು ತಡೆಯುತ್ತದೆ, ಅಮೋನಿಯ ಪಾಚಿಯನ್ನೇ ಕೊಲ್ಲುತ್ತದೆ.

ಆದರೆ ಭ್ರಮೆ ಬೇಡ. ಇಂಥ ತೊಟ್ಟಿಯ ಒಂದು ಲೀಟರ್ ನೀರಿನಲ್ಲಿ ಸಾಮಾನ್ಯವಾಗಿ 1 ಗ್ರಾಂ ಒಣಪಾಚಿಯೂ ಇರುವುದಿಲ್ಲ. ಅದನ್ನು ಬೇರ್ಪಡಿಸಿ ಒಣಗಿಸುವ ವೆಚ್ಚದಲ್ಲಿಯೇ ಲಾಭ ಕರಗೀತು. ಮುಂಗಾರಿನ ಮೋಡದ ದಿನಗಳಲ್ಲಿ ಬೆಳವಣಿಗೆ ಕುಗ್ಗುತ್ತದೆ. ಸಗಣಿಯ ರೋಗಾಣುಗಳು ಉಳಿದಿರಬಹುದಾದ್ದರಿಂದ ಈ ಪಾಚಿ ಮನುಷ್ಯರ ಆಹಾರವಾಗಕೂಡದು. ಎಲ್ಲಕ್ಕಿಂತ ಮುಖ್ಯವಾಗಿ, ಸಗಣಿ-ಗಂಜಲಗಳ ಮೇಲೆ ಮೊದಲ ಹಕ್ಕು ಮಣ್ಣಿನದು. ತೊಳೆನೀರನ್ನು ನೇರವಾಗಿ ತೋಟಕ್ಕೆ ಹಾಯಿಸಬಲ್ಲ ರೈತನಿಗೆ ಪಾಚಿಯ ತೊಟ್ಟಿ ಬೇಕಿಲ್ಲ. ಹಸು ಹೆಚ್ಚಿದ್ದು ನೆಲ ಕಡಿಮೆಯಿರುವಲ್ಲಿ, ಹೊಳೆಯ ಪಾಲಾಗಲಿರುವ ಸಾರವನ್ನು ಹಿಡಿದಿಟ್ಟು ಹಸಿರು ನೀರಾಗಿಯೇ ಹೊಲಕ್ಕೆ ಮರಳಿಸುವುದಷ್ಟೇ ಅದರ ಕೆಲಸ.

ಆದ್ದರಿಂದ ಕೃಷಿ ವಿಶ್ವವಿದ್ಯಾಲಯಗಳೂ ಹಾಲು ಒಕ್ಕೂಟಗಳೂ ಇದನ್ನು ಪ್ರಯೋಗಾಲಯದಲ್ಲಲ್ಲ, ರೈತರ ಹಿತ್ತಲಿನಲ್ಲಿ ಒಂದು ಪೂರ್ಣ ವರ್ಷ ಪರೀಕ್ಷಿಸಲಿ. ಸೋಲನ್ನೂ ಮುಚ್ಚಿಡದೆ ತಿಳಿಸಲಿ. ಸಹಾಯಧನದ ಯೋಜನೆಗಳ ಮಾತು ಆಮೇಲೆ. ಅಲ್ಲಿಯವರೆಗೆ ನಾವು ಕಾಯಬೇಕಿಲ್ಲ. ಕೊಟ್ಟಿಗೆಯ ಚರಂಡಿ ಎಲ್ಲಿಗೆ ಸೇರುತ್ತದೆಂದು ಪ್ರತಿಯೊಬ್ಬ ಓದುಗರೂ ಒಮ್ಮೆ ನೋಡಿಬರಲಿ. ಅದು ಹಳ್ಳದ ಕಡೆಗಿದ್ದರೆ ಈ ಮಳೆಗಾಲಕ್ಕೆ ಮೊದಲೇ ತೋಟದ ಕಡೆಗೆ ತಿರುಗಿಸಲಿ.