ಎರಡು ಬಗೆಯ ಅತಿಥಿಗಳು

ನೆರೆಯ ಜಿಲ್ಲೆಯ ವಿಶ್ವವಿದ್ಯಾನಿಲಯವೊಂದರ ಕಲಾ ನಿಕಾಯದವರು ಈಚೆಗೆ ಒಂದು ಸಂಜೆ ಪುರಸ್ಕಾರ ಸಮಾರಂಭವನ್ನು ಏರ್ಪಡಿಸಿದ್ದರು. ನಮ್ಮ ಪತ್ರಿಕೆಗೂ ಕರೆಯೋಲೆ ಬಂದಿತ್ತು, ಹೋಗಿದ್ದೆವು. ನಿಕಾಯವೆಂದರೇನು ಎಂದು ನಮ್ಮ ಓದುಗರಲ್ಲಿ ಕೆಲವರು ಕೇಳಬಹುದು. ಕನ್ನಡ, ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಮುಂತಾದ ವಿಭಾಗಗಳು ಸೇರಿದ ಕೂಟ ಅದು. ಅದರ ಮುಖ್ಯಸ್ಥರಿಗೆ ಡೀನ್ ಎನ್ನುತ್ತಾರೆ. ಗಿರಣಿಯಲ್ಲಿ ನೂಲುವ ಖಾತೆ, ನೇಯುವ ಖಾತೆ ಇದ್ದಂತೆ ಎಂದುಕೊಂಡರೂ ತಪ್ಪಾಗದು. ವರ್ಷವಿಡೀ ಚೆನ್ನಾಗಿ ಓದಿದ ವಿದ್ಯಾರ್ಥಿಗಳಿಗೂ ಚೆನ್ನಾಗಿ ದುಡಿದ ಸಿಬ್ಬಂದಿಗೂ ಒಂದೇ ವೇದಿಕೆಯ ಮೇಲೆ ಮರ್ಯಾದೆ ಮಾಡುವುದು ಆ ಸಂಜೆಯ ಉದ್ದೇಶ.

ಉದ್ದೇಶ ಒಳ್ಳೆಯದು. ಇದನ್ನು ಮೊದಲೇ ಹೇಳಿಬಿಡುತ್ತೇವೆ, ಏಕೆಂದರೆ ನಮ್ಮ ಪತ್ರಿಕೆಗೆ ಹಾರ-ತುರಾಯಿ ಕಂಡರಾಗದು ಎಂಬ ಮಾತು ಊರಲ್ಲಿದೆ. ಆ ದಿನ ಅರ್ಥಶಾಸ್ತ್ರದ ಎಂ.ಎ.ಯಲ್ಲಿ ಮೊದಲ ಸ್ಥಾನ ಪಡೆದ ಹುಡುಗಿಯ ಹೆಸರು ಕೂಗಿದಾಗ, ಆಕೆ ಒಬ್ಬಳೇ ಮೇಲೆ ಹೋಗಲಿಲ್ಲ. ಹಿಂದಿನ ಸಾಲಿನಲ್ಲಿ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ ತಾಯಿಯ ಕೈಹಿಡಿದು ಕರೆದೊಯ್ದಳು. ಆ ತಾಯಿ ಬೀಡಿ ಕಟ್ಟುವವಳು. ಕುಲಪತಿಗಳು ಪದಕವನ್ನು ಮಗಳ ಕೊರಳಿಗೆ ಹಾಕಿದರೆ, ಮಗಳು ಅದನ್ನು ತೆಗೆದು ತಾಯಿಗೆ ಹಾಕಿದಳು. ಸಭೆಯಲ್ಲಿ ಚಪ್ಪಾಳೆ ಹೊಡೆಯದವರು ಯಾರೂ ಇರಲಿಲ್ಲ; ನಾವೂ ಹೊಡೆದೆವು. ಮೈಸೂರು ವಿಶ್ವವಿದ್ಯಾನಿಲಯದ 2022ರ ಘಟಿಕೋತ್ಸವದಲ್ಲಿ ಕೂಲಿಕಾರರ ಮಗನೊಬ್ಬ ಕನ್ನಡ ಎಂ.ಎ.ಯಲ್ಲಿ 14 ಚಿನ್ನದ ಪದಕಗಳನ್ನು ಪಡೆದ ಸುದ್ದಿಯನ್ನು ಓದುಗರು ಮರೆತಿರಲಾರರು. ಅಕ್ಷರ ಯಾರ ಮನೆಯ ಸ್ವತ್ತೂ ಅಲ್ಲ ಎಂಬುದಕ್ಕೆ ಇಂಥ ಒಂದು ಸಂಜೆ ಸಾಕ್ಷಿಯಾದರೆ, ಹಾರ-ತುರಾಯಿಯ ಖರ್ಚು ದಂಡವಲ್ಲ.

ಪದಕದ ವಿಚಾರ ಬಂದಾಗ ಒಂದು ಮಾತು. ಇವು ಬಹುಮಟ್ಟಿಗೆ ದತ್ತಿ ಪದಕಗಳು. ಯಾರೋ ಪುಣ್ಯಾತ್ಮರು ತಂದೆಯ ಹೆಸರಿನಲ್ಲೋ ತಾಯಿಯ ಹೆಸರಿನಲ್ಲೋ ಇಂತಿಷ್ಟು ಹಣವನ್ನು ಇಟ್ಟಿರುತ್ತಾರೆ; ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಪದಕ. 1950ರ ಸುಮಾರಿಗೆ ಹತ್ತು ಗ್ರಾಂ ಚಿನ್ನಕ್ಕೆ ನೂರು ರೂಪಾಯಿಯ ಆಸುಪಾಸು ಇದ್ದ ಬೆಲೆ 2025ರಲ್ಲಿ ಒಂದು ಲಕ್ಷವನ್ನು ದಾಟಿತು. ಹಳೆಯ ದತ್ತಿಯ ಬಡ್ಡಿಗೆ ಚಿನ್ನ ಹೇಗೆ ಬಂದೀತು? ಚಿನ್ನದ ನೀರು ಬರುತ್ತದೆ. ನಮ್ಮ ಸರಾಫ ಮಿತ್ರರು ಇದಕ್ಕೆ ನಗಬಾರದು. ಹುಡುಗಿಗೆ ಸಿಕ್ಕಿದ ಗೌರವಕ್ಕೆ ಒರೆಗಲ್ಲು ಬೇಕಿಲ್ಲ.

ನಾವು ಹೇಳಬೇಕೆಂದಿರುವುದು ಬೇರೆಯೇ ಇದೆ. ಆ ಸಭಾಂಗಣದಲ್ಲಿ ಎರಡು ಬಗೆಯ ಅತಿಥಿಗಳಿದ್ದರು. ಒಬ್ಬರು ಮುಖ್ಯ ಅತಿಥಿಗಳು. ಅವರಿಗೆ ಮೈಸೂರು ಪೇಟ, ಶಾಲು, ಫಲತಾಂಬೂಲ ಎಲ್ಲವೂ ಆಯಿತು; ಅವರು ಮುಕ್ಕಾಲು ಗಂಟೆ ಮಾತನಾಡಿ, ಗುರುವೇ ದೇವರೆಂದು ಸಾರುವ ಶ್ಲೋಕವನ್ನು ಎರಡು ಸಲ ಹೇಳಿ, ಕಾರು ಹತ್ತಿ ಹೋದರು. ಇನ್ನೊಬ್ಬರು ಅತಿಥಿ ಉಪನ್ಯಾಸಕರು. ಅವರು ಮಧ್ಯಾಹ್ನದಿಂದ ಕುರ್ಚಿ ಹಾಕಿಸುತ್ತ, ಬ್ಯಾನರು ಕಟ್ಟಿಸುತ್ತ, ಪ್ರಶಸ್ತಿಪತ್ರಗಳನ್ನು ಹೆಸರಿನ ಕ್ರಮದಲ್ಲಿ ಜೋಡಿಸುತ್ತ ಇದ್ದರು. ಪದಕ ಪಡೆದ ಹುಡುಗಿ ತನ್ನ ಎರಡು ನಿಮಿಷದ ಮಾತಿನಲ್ಲಿ, 'ನನಗೆ ಅಂಕಿ-ಅಂಶದ ಭಯ ಬಿಡಿಸಿದವರು ಈ ಸರ್' ಎಂದು ಅವರ ಹೆಸರನ್ನೇ ಹೇಳಿದಳು. ಎಲ್ಲರೂ ತಿರುಗಿ ನೋಡಿದರು. ವೇದಿಕೆಯ ಮಗ್ಗುಲಲ್ಲಿ ಪ್ರಶಸ್ತಿಪತ್ರಗಳ ಕಟ್ಟನ್ನು ಹಿಡಿದು ನಿಂತಿದ್ದ ಆ ಮನುಷ್ಯ ಒಂದು ಗಳಿಗೆ ಏನು ಮಾಡಬೇಕೆಂದು ತೋಚದೆ, ಮುಂದಿನ ಪತ್ರವನ್ನು ಡೀನರ ಕೈಗೆ ಕೊಟ್ಟರು.

ಸಿಬ್ಬಂದಿಯ ಪುರಸ್ಕಾರದ ಸರದಿ ಬಂದಿತು. ಉತ್ತಮ ಅಧ್ಯಾಪಕ, ಉತ್ತಮ ಸಂಶೋಧಕ ಎಂದು ಕೊಟ್ಟರು. ಮೂವತ್ತು ವರ್ಷ ವಿಭಾಗದ ಬೀಗದಕೈಗಳನ್ನು ಕಾಯ್ದು ನಿವೃತ್ತನಾದ ಜವಾನನೊಬ್ಬನನ್ನು ಕರೆದು ಶಾಲು ಹೊದಿಸಿದರು. ಇದು ನಮಗೆ ತುಂಬ ಹಿಡಿಸಿತು. ಅತಿಥಿ ಉಪನ್ಯಾಸಕರ ಹೆಸರು ಮಾತ್ರ ಎಲ್ಲಿಯೂ ಬರಲಿಲ್ಲ. ಏಕೆಂದು ಕಚೇರಿಯವರೊಬ್ಬರನ್ನು ವಿಚಾರಿಸಿದೆವು. 'ಕಾಯಂ ಹುದ್ದೆಯವರು ಮಾತ್ರ ಅರ್ಜಿ ಹಾಕಬೇಕೆಂದು ನಿಯಮವಿದೆ. ಅವರು ಲೆಕ್ಕಕ್ಕೆ ಸಿಬ್ಬಂದಿಯಲ್ಲ' ಎಂದರು. ಪಾಠಕ್ಕೆ ಸಿಬ್ಬಂದಿ, ಪರೀಕ್ಷೆಯ ಕೊಠಡಿಗೆ ಸಿಬ್ಬಂದಿ, ಬ್ಯಾನರು ಕಟ್ಟಲು ಸಿಬ್ಬಂದಿ. ಶಾಲಿಗೂ ಸಂಬಳಕ್ಕೂ ಮಾತ್ರ ಅತಿಥಿ. ಅತಿಥಿಯನ್ನು ದೇವರೆನ್ನುವ ನಾಡಿನಲ್ಲಿ, ಎಲ್ಲರೂ ಉಂಡೆದ್ದ ಮೇಲೆ ಉಳಿದದ್ದನ್ನು ಬಡಿಸುವುದಕ್ಕೆ ಅತಿಥಿಸತ್ಕಾರವೆಂದು ಹೆಸರಿಟ್ಟವರು ಯಾರೋ ತಿಳಿಯದು.

ಗಿರಣಿಯ ಬಾಳನ್ನು ಕಂಡ ನಮ್ಮ ಓದುಗರಿಗೆ ಇದರಲ್ಲಿ ಹೊಸದೇನೂ ಇಲ್ಲ. ಬೆಳಗಿನ ಪಾಳಿಯ ಸೈರನ್ನಿಗೆ ಮೊದಲೇ ಗೇಟಿನ ಹೊರಗೆ ನಿಂತು, ಇಂದು ಯಾರು ಬಂದಿಲ್ಲ, ಯಾರ ಮಗ್ಗ ಖಾಲಿ ಇದೆ ಎಂದು ಜಾಬರನ ಮುಖ ನೋಡುತ್ತಿದ್ದವನು ಬದಲಿ. ಆಯುಧಪೂಜೆಯ ದಿನ ಮಂಡಕ್ಕಿ, ತೆಂಗಿನಕಾಯಿ ಅವನಿಗೂ ಸಿಗುತ್ತಿತ್ತು. ಹಾಜರಿ ಪುಸ್ತಕದಲ್ಲಿ ಕಾಯಂ ಹೆಸರು ಸಿಗುತ್ತಿರಲಿಲ್ಲ. ಆದರೆ ಆ ಬದಲಿಗೂ ಹೋರಾಡಿ ಪಡೆದ ಒಂದು ಕಲಮು ಇತ್ತು. ಕೈಗಾರಿಕಾ ವಿವಾದಗಳ ಕಾಯಿದೆಗೆ 1953ರಲ್ಲಿ ಲೇಆಫ್ ಪರಿಹಾರದ ಅಧ್ಯಾಯವನ್ನು ಸೇರಿಸಿದಾಗ, ಒಂದು ವರ್ಷ ಎಡೆಬಿಡದೆ ದುಡಿದವನನ್ನು ಆ ಪರಿಹಾರದ ಮಟ್ಟಿಗೆ ಬದಲಿಯೆಂದು ಎಣಿಸಕೂಡದು ಎಂದು ಬರೆದರು. ಎಂ.ಎ., ಪಿಎಚ್.ಡಿ. ಮಾಡಿದ ಅತಿಥಿ ಉಪನ್ಯಾಸಕನಿಗೆ ಅಷ್ಟೂ ಇಲ್ಲ. ಗೋವೆಯ ಶಿಕ್ಷಕಿಯೊಬ್ಬರನ್ನು ಕೆಲಸದಿಂದ ತೆಗೆದ ಮೊಕದ್ದಮೆಯಲ್ಲಿ, ಶಿಕ್ಷಕರು ಆ ಕಾಯಿದೆಯ ಅರ್ಥದಲ್ಲಿ ಕಾರ್ಮಿಕರಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1988ರಲ್ಲಿ ತೀರ್ಪು ಕೊಟ್ಟಿತು. ಕಾರಣವೇನು? ಪಾಠ ಹೇಳುವುದು ಕೈಕೆಲಸವೂ ಅಲ್ಲ, ಗುಮಾಸ್ತಿಕೆಯೂ ಅಲ್ಲ. ಅದೊಂದು ಉದಾತ್ತ ವೃತ್ತಿ ಎಂಬುದು. ಶಿಕ್ಷಕರಿಗೆ ಬೇರೆ ಕಾನೂನಿನ ರಕ್ಷಣೆ ಬೇಕೆಂದೂ ಅದೇ ನ್ಯಾಯಾಲಯ ಹೇಳಿತ್ತೆಂಬುದನ್ನು ನಾವು ಮರೆಮಾಚುವುದಿಲ್ಲ. ಆದರೆ ನೋಡಿ, ಕೊಂಡಾಡಿದ ಮಾತೇ ಕಾಯಿದೆಯ ಬಾಗಿಲಿಗೆ ಅಗಳಿಯಾಯಿತು!

ಅಂಕಿಗಳನ್ನೂ ನೋಡೋಣ. ನಮ್ಮ ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು ದುಡಿಯುತ್ತಿದ್ದರು. ಇಂದು ವಿಶ್ವವಿದ್ಯಾನಿಲಯದ ವೇದಿಕೆ ಹತ್ತುವ ಹುಡುಗ ಹುಡುಗಿಯರು ಬಿ.ಎ. ಓದಿ ಬರುವುದು ಈ ಕಾಲೇಜುಗಳಿಂದಲೇ. 2021ರವರೆಗೂ ಇವರಿಗೆ ತಿಂಗಳಿಗೆ ಸಿಗುತ್ತಿದ್ದುದು, ನಿಗದಿತ ಅರ್ಹತೆ ಇದ್ದರೆ 13,000 ರೂ., ಇಲ್ಲದಿದ್ದರೆ 11,000 ರೂ. ಚಳಿಯಲ್ಲಿ ಬೀದಿಗಿಳಿದು ಕೂಗಿದ ಮೇಲೆ 2022ರ ಜನವರಿಯಲ್ಲಿ ಅದು ಹೆಚ್ಚೆಂದರೆ 32,000 ರೂ. ಆಯಿತು, ಅದರ ಜೊತೆಗೇ ವಾರದ ಪಾಠದ ಗಂಟೆಗಳನ್ನು ಹದಿನೈದಕ್ಕೆ ಏರಿಸಿದ್ದರಿಂದ ಹಲವರ ಕೆಲಸವೇ ಹೋಯಿತು. ಒಬ್ಬನ ತಟ್ಟೆಗೆ ಬಡಿಸಲು ಇನ್ನೊಬ್ಬನ ಎಲೆಯನ್ನೇ ಎತ್ತಿದಂತೆ. ಮತ್ತೆ ಮುಷ್ಕರವಾಗಿ, 2024ರ ಜನವರಿಯಿಂದ ಸೇವೆಯ ವರ್ಷ ನೋಡಿ 5,000ದಿಂದ 8,000 ರೂ.ವರೆಗೆ ಹೆಚ್ಚಿಸಿದರು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವಾದರೋ ಪಾಠವೊಂದಕ್ಕೆ 1,500 ರೂ., ತಿಂಗಳಿಗೆ 50,000 ರೂ.ವರೆಗೆ ಕೊಡಬಹುದೆಂದು 2019ರಲ್ಲಿಯೇ ಹೇಳಿತ್ತು. ಅದೇ ಕೊಠಡಿಯಲ್ಲಿ ಅದೇ ಪಾಠ ಹೇಳುವ ಕಾಯಂ ಸಹಾಯಕ ಪ್ರಾಧ್ಯಾಪಕರ ಮೂಲವೇತನ ಏಳನೆಯ ವೇತನ ಆಯೋಗದ ಶ್ರೇಣಿಯಲ್ಲಿ 57,700 ರೂ.ಯಿಂದ ಆರಂಭ; ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಬೇರೆ.

ರಜಾ ತಿಂಗಳುಗಳ ಮಾತು ಇನ್ನೂ ಆಡಿಲ್ಲ. ಅದು ನಮ್ಮ ಕಿರಾಣಿ ಅಂಗಡಿಯವರಿಗೆ ಚೆನ್ನಾಗಿ ಗೊತ್ತು. ಕಾಲೇಜು ಮುಚ್ಚಿದ ಕೂಡಲೇ ಇವರನ್ನು ಬಿಡುಗಡೆ ಮಾಡುತ್ತಾರೆ. ತೆರೆದ ಮೇಲೆ ಹೊಸ ಪಟ್ಟಿ, ಹೊಸ ಅರ್ಜಿ, ಹೊಸ ಆದೇಶ. ನಡುವಿನ ತಿಂಗಳುಗಳಲ್ಲಿ ಮೇಷ್ಟರ ಮನೆಗೆ ಅಕ್ಕಿ-ಬೇಳೆ ಹೋಗುವುದು ಉದ್ರಿಯ ಮೇಲೆ. ಸರ್ಕಾರ ತನ್ನ ಬೊಕ್ಕಸದಲ್ಲಿ ಉಳಿಸಿದೆನೆಂದು ಹೇಳುವ ಹಣ ನಿಜಕ್ಕೂ ಚಿಲ್ಲರೆ ವ್ಯಾಪಾರಿಯ ಖಾತೆ ಪುಸ್ತಕದಲ್ಲಿ ಬಾಕಿಯಾಗಿ ಕುಳಿತಿರುತ್ತದೆ. ವ್ಯಾಪಾರಿಗೆ ಸಗಟಿನವನು ಉದ್ರಿ ಕೊಡುವುದಿಲ್ಲ. ಹೀಗೆ ವಿಶ್ವವಿದ್ಯಾನಿಲಯವನ್ನು ನಡೆಸುವವರ ಪೈಕಿ ಸಂತೆಬೀದಿಯ ಅಂಗಡಿಕಾರನೂ ಒಬ್ಬ. ಅವನಿಗೂ ಒಂದು ಶಾಲು ಸಲ್ಲಬೇಕು.

ಕುಲಪತಿಗಳನ್ನು ಮಾತ್ರ ದೂರುವುದು ನ್ಯಾಯವಲ್ಲ. ಹುದ್ದೆ ತುಂಬಲು ಸರ್ಕಾರದ ಅನುಮತಿ ಬೇಕು, ಹಣಕಾಸು ಇಲಾಖೆಯ ಒಪ್ಪಿಗೆ ಬೇಕು. ಇನ್ನೊಂದು ಆಕ್ಷೇಪವನ್ನೂ ಪ್ರಾಮಾಣಿಕವಾಗಿ ಎದುರಿಸಬೇಕು. ಅತಿಥಿಗಳನ್ನೆಲ್ಲ ಹಾಗೆಯೇ ಕಾಯಂ ಮಾಡಿಬಿಟ್ಟರೆ, ಪರೀಕ್ಷೆಗೆ ಓದುತ್ತಿರುವ ಗಿರಣಿ ಕಾರ್ಮಿಕನ ಮಗನಿಗೆ ಬಾಗಿಲು ಮುಚ್ಚುವುದಿಲ್ಲವೇ? ನಮ್ಮ ರಾಜ್ಯದ್ದೇ ಉಮಾದೇವಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ಕೇಳಿದ ಪ್ರಶ್ನೆ ಇದೇ. ಪ್ರಶ್ನೆ ಸರಿಯಾದುದು. ಆದರೆ ಸರ್ಕಾರಗಳು ಆ ತೀರ್ಪಿನಲ್ಲಿ ಹಿಂಬಾಗಿಲ ನೇಮಕ ಕೂಡದೆಂಬ ಮಾತನ್ನು ಹಿಡಿದುಕೊಂಡು, ಮುಂಬಾಗಿಲನ್ನು ತೆರೆಯುವ ಕೆಲಸವನ್ನು ಮರೆತುವು. 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ 2021ರಲ್ಲಿ ಅರ್ಜಿ ಕರೆದು 2022ರ ಮಾರ್ಚಿಯಲ್ಲಿ ಪರೀಕ್ಷೆ ನಡೆಸಿದರು. ಹತ್ತು ಸಾವಿರ ಅತಿಥಿಗಳಿಗೆ ಸಾಕಾಗುವಷ್ಟು ಪಾಠವಿರುವಲ್ಲಿ ಸಾವಿರದ ಚಿಲ್ಲರೆ ಹುದ್ದೆ! ಕಾಯಂ ಮಾಡುವ ಪ್ರಶ್ನೆ ಏನೇ ಇರಲಿ, ಮಾಡಿದ ಕೆಲಸಕ್ಕೆ ತಕ್ಕ ಕೂಲಿ ಕೊಡಲು ಯಾವ ತೀರ್ಪು ಅಡ್ಡ ಬಂದಿದೆ?

ಅಡ್ಡ ಬಂದಿಲ್ಲ ಎಂಬುದಕ್ಕೆ 2025ರ ಆಗಸ್ಟಿನ ತೀರ್ಪೇ ಇದೆ. ಗುಜರಾತಿನ ಸರ್ಕಾರಿ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಗುತ್ತಿಗೆಯ ಮೇಲಿದ್ದ ಸಹಾಯಕ ಪ್ರಾಧ್ಯಾಪಕರು ತಿಂಗಳಿಗೆ 30,000 ರೂ. ಪಡೆಯುತ್ತಿದ್ದರು, ಅದೇ ಕೆಲಸದ ಕಾಯಂ ಅಧ್ಯಾಪಕರಿಗೆ ಲಕ್ಷಕ್ಕೂ ಮೇಲೆ. ಗುತ್ತಿಗೆಯವರಿಗೂ ಸಹಾಯಕ ಪ್ರಾಧ್ಯಾಪಕರ ಕನಿಷ್ಠ ವೇತನಶ್ರೇಣಿಯನ್ನು ಬಾಕಿಸಹಿತ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ ಆಜ್ಞೆ ಮಾಡಿತು. ಸಾರ್ವಜನಿಕ ಸಭೆಗಳಲ್ಲಿ ಗುರುಸ್ತುತಿಯ ಶ್ಲೋಕ ಹೇಳಿಕೊಂಡು ಬಂದರೆ ಸಾಲದು, ಆ ಮಾತಿನಲ್ಲಿ ನಂಬಿಕೆಯಿದ್ದರೆ ಗುರುಗಳನ್ನು ನಡೆಸಿಕೊಳ್ಳುವ ರೀತಿಯಲ್ಲಿ ಅದು ಕಾಣಬೇಕು ಎಂಬ ಅರ್ಥದ ಮಾತನ್ನೂ ನ್ಯಾಯಮೂರ್ತಿಗಳು ಆಡಿದರು. ನಮ್ಮ ಮುಖ್ಯ ಅತಿಥಿಗಳು ಇದನ್ನು ಓದಿರಲಿಕ್ಕಿಲ್ಲ. ಓದಿದ್ದರೆ ಶ್ಲೋಕವನ್ನು ಒಂದೇ ಸಲ ಹೇಳುತ್ತಿದ್ದರೋ ಏನೋ.

ಸಭೆ ಮುಗಿದ ಮೇಲೆ ಬಸ್ ನಿಲ್ದಾಣದಲ್ಲಿ ಆ ಅತಿಥಿ ಉಪನ್ಯಾಸಕರು ಸಿಕ್ಕಿದರು. ಹನ್ನೊಂದು ವರ್ಷದಿಂದ ಪಾಠ ಹೇಳುತ್ತಿದ್ದಾರಂತೆ. ನಾವು ಪತ್ರಿಕೆಯವರೆಂದು ತಿಳಿದ ಕೂಡಲೇ, 'ದಯವಿಟ್ಟು ನನ್ನ ಹೆಸರು ಹಾಕಬೇಡಿ ಸ್ವಾಮಿ, ಮುಂದಿನ ಸೆಮಿಸ್ಟರಿನ ಪಟ್ಟಿ ಇನ್ನೂ ಬಂದಿಲ್ಲ' ಎಂದರು. ಇಡೀ ಸಂಜೆಯಲ್ಲಿ ನಮ್ಮನ್ನು ಅತ್ಯಂತ ನಾಚಿಸಿದ ಮಾತು ಇದು. ಒಬ್ಬ ವಿದ್ಯಾರ್ಥಿನಿ ತುಂಬಿದ ಸಭೆಯಲ್ಲಿ ಧೈರ್ಯವಾಗಿ ಹೇಳಿದ ಹೆಸರನ್ನು, ಅದೇ ಹೆಸರಿನ ಮನುಷ್ಯ ಮುಚ್ಚಿಡಬೇಕಾಯಿತು. ಅರ್ಥಶಾಸ್ತ್ರ ಕಲಿಸುವವನಿಗೆ ತನ್ನ ಕೂಲಿಯ ಅರ್ಥಶಾಸ್ತ್ರವನ್ನು ಬಾಯಿಬಿಟ್ಟು ಹೇಳುವ ಸ್ವಾತಂತ್ರ್ಯವಿಲ್ಲದಿದ್ದರೆ, ವಿದ್ಯಾರ್ಥಿಗಳು ಅವನಿಂದ ಏನನ್ನು ಕಲಿಯಬೇಕು?

ಹೊರಗೆ ಬರುವಾಗ ಇನ್ನೂ ಮೂವರು ಹೆಂಗಸರನ್ನು ಕಂಡೆವು. ಎಲೆ, ಲೋಟ, ಹೂವಿನ ಕಸ ಗುಡಿಸಲು ಸಭೆ ಖಾಲಿಯಾಗುವುದನ್ನೇ ಕಾಯುತ್ತ ಬಾಗಿಲಲ್ಲಿ ನಿಂತಿದ್ದರು. ಅವರು ಹೊರಗುತ್ತಿಗೆಯವರು, ಅವರ ಧಣಿ ಯಾರೆಂದು ಡೀನರಿಗೂ ಹೇಳಲಾಗದು, ಕಂತ್ರಾಟುದಾರ ವರ್ಷಕ್ಕೊಬ್ಬ ಬದಲಾಗುತ್ತಾನೆ. ಕೇಂದ್ರ ಜಲ ಆಯೋಗದಲ್ಲಿ ವರ್ಷಾನುಗಟ್ಟಲೆ ಕಸ ಗುಡಿಸಿದ ಹೆಂಗಸರನ್ನೂ ಒಬ್ಬ ಮಾಲಿಯನ್ನೂ ಕೆಲಸದಿಂದ ತೆಗೆದಾಗ, ಅವರನ್ನು ಮರಳಿ ತೆಗೆದುಕೊಂಡು ಕಾಯಂ ಮಾಡಬೇಕೆಂದು 2024ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. 2006ರ ತೀರ್ಪನ್ನು ಇಂಥವರ ಶೋಷಣೆಗೆ ಗುರಾಣಿ ಮಾಡಿಕೊಳ್ಳಬಾರದೆಂದೂ ಎಚ್ಚರಿಸಿತು. ಕಸಪೊರಕೆಯವರೂ ಪಿಎಚ್.ಡಿ.ಯವರೂ ಒಂದೇ ಸಾಲಿನಲ್ಲಿ ನಿಂತಿದ್ದಾರೆ. ಪಿಎಚ್.ಡಿ.ಯವರು ಇದನ್ನು ಅವಮಾನವೆಂದು ತಿಳಿಯದೆ ಆ ಹೆಂಗಸರೊಡನೆ ಮಾತಾಡಲು ಕಲಿತರೆ ಇಬ್ಬರಿಗೂ ಒಳ್ಳೆಯದಾದೀತು.

ಪುರಸ್ಕಾರದ ಸಂಜೆಯನ್ನು ನಿಲ್ಲಿಸಿ ಎಂದು ನಾವು ಹೇಳುತ್ತಿಲ್ಲ. ಮುಂದಿನ ವರ್ಷದ ಕರೆಯೋಲೆ ಅಚ್ಚಿಗೆ ಹೋಗುವುದರೊಳಗೆ ನಿಕಾಯದವರು ಆ ಅರ್ಜಿಯ ನಿಯಮವನ್ನು ತಿದ್ದಲಿ. ಅದಕ್ಕೆ ಹಣಕಾಸು ಇಲಾಖೆಯನ್ನು ಕೇಳಬೇಕಾಗಿಲ್ಲ, ಒಂದು ಸಭೆಯ ನಿರ್ಣಯ ಸಾಕು. ಅತಿಥಿಗಳ ಸಂಭಾವನೆ ತಿಂಗಳು ತಿಂಗಳಿಗೆ, ಇಂಥ ತಾರೀಕಿಗೆ ಎಂದು ಗೊತ್ತುಮಾಡಿ ಕೊಡಲಿ. ಇದೂ ಬಹುಮಟ್ಟಿಗೆ ಅವರ ಕೈಯಲ್ಲೇ ಇದೆ. ಖಾಲಿ ಹುದ್ದೆಗಳನ್ನು ವರ್ಷವರ್ಷವೂ ಪರೀಕ್ಷೆ ನಡೆಸಿ ತುಂಬುವುದು, ಅಲ್ಲಿಯವರೆಗೆ ಗುಜರಾತಿನ ತೀರ್ಪಿನಂತೆ ಕನಿಷ್ಠ ವೇತನಶ್ರೇಣಿಯನ್ನು ಹನ್ನೆರಡು ತಿಂಗಳೂ ಕೊಡುವುದು ಸರ್ಕಾರದ ಹೊಣೆ. ಈ ಸಂಚಿಕೆಯ ಪ್ರತಿಯನ್ನು ಡೀನರಿಗೂ ಜಿಲ್ಲೆಯ ಶಾಸಕರೆಲ್ಲರಿಗೂ ಅಂಚೆಯಲ್ಲಿ ಕಳುಹಿಸುತ್ತಿದ್ದೇವೆ. ಮಕ್ಕಳನ್ನು ಕಾಲೇಜಿಗೆ ಕಳುಹಿಸುವ ಓದುಗರು ತಾವೂ ಒಂದು ಕಾರ್ಡು ಬರೆದು, ನಮ್ಮ ಮಗುವಿಗೆ ಪಾಠ ಹೇಳುವವರಲ್ಲಿ ಅತಿಥಿಗಳೆಷ್ಟು, ಅವರಿಗೆ ಕಳೆದ ಸಲ ಸಂಬಳವಾದದ್ದು ಯಾವಾಗ ಎಂದು ಪ್ರಾಂಶುಪಾಲರನ್ನು ಕೇಳಲಿ. ಬಂದ ಉತ್ತರಗಳನ್ನು ಇದೇ ಪುಟದಲ್ಲಿ ಅಚ್ಚುಹಾಕುತ್ತೇವೆ. ಬಾರದಿದ್ದರೆ ಅದನ್ನೂ ಅಚ್ಚುಹಾಕುತ್ತೇವೆ.