ಕೆಲಸ ಬಿಟ್ಟು ಬಂದವರೂ ಬಿಡಲಾಗದವರೂ

ಹೋದ ವರ್ಷ ನಮ್ಮ ತಾಲ್ಲೂಕಿನ ಒಂದು ಊರಲ್ಲಿ, ಸ್ಕೂಲ್ ಮೈದಾನದಲ್ಲಿ, ಸನ್ಮಾನ ಸಮಾರಂಭ ನಡೆಯಿತು. ಬೆಂಗಳೂರಿನ ಕಂಪ್ಯೂಟರ್ ಕಂಪನಿಯಲ್ಲಿ ದೊಡ್ಡ ಸಂಬಳದಲ್ಲಿದ್ದ ಯುವಕರೊಬ್ಬರು ರಾಜೀನಾಮೆ ಬಿಸಾಕಿ ‘ಸಮಾಜಸೇವೆಗೆ ಇಳಿದಿದ್ದಾರೆ’ ಅಂತ ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ. ಭಾಷಣ ಮಾಡಿದವರೆಲ್ಲ ತ್ಯಾಗ, ತ್ಯಾಗ ಅಂದರು. ಒಬ್ಬರಂತೂ ಬುದ್ಧ ಅರಮನೆ ಬಿಟ್ಟದ್ದನ್ನು ನೆನಪಿಸಿದರು. ಆ ಮೈದಾನ ಗುಡಿಸಿ ನೀರು ಚಿಮುಕಿಸಿದವರು ನಮ್ಮ ಕೇರಿಯ ಹೆಂಗಸರು. ಉಪ್ಪಿಟ್ಟು ಮಾಡಿದವರು ಬೇರೆಯವರು. ಅದಕ್ಕೆ ನಮ್ಮವರನ್ನು ಇನ್ನೂ ಕರೆಯುವುದಿಲ್ಲ.

ನಮ್ಮ ಪಕ್ಕದಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿ ಬಾಣಂತಿಯರ ರಕ್ತದ ಬಟ್ಟೆ ಒಗೆದವರು.

‘ಯಾರ್ಲಾ ಮಗ ಅವ್ರು? ಏನ್ ಮಾಡವ್ರೆ ಅಂತ ಇಷ್ಟೊಂದ್ ಹಾರ?’

‘ಕೆಲ್ಸ ಬುಟ್ಟು ಸೇವೆ ಮಾಡಕ್ಕೆ ಬಂದವ್ರೆ ಕಣಜ್ಜಿ.’

‘ಸೇವೆ ಮಾಡಕ್ಕೆ ಕೆಲ್ಸ ಬುಡ್ಬೇಕಾ? ನಮ್ಗೆ ಅದೇ ಕೆಲ್ಸ ಆಗಿತ್ತಲ್ಲಪ್ಪ!’

ಅಜ್ಜಿಯ ಈ ಮಾತಿಗೆ ಆ ವೇದಿಕೆಯ ಮೇಲಿದ್ದ ಯಾರಲ್ಲೂ ಉತ್ತರ ಇರಲಿಲ್ಲ. ನಮ್ಮಲ್ಲೂ ಇರಲಿಲ್ಲ. ಆಮೇಲೆ ಕೂತು ಯೋಚಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಆ ಯುವಕರ ಮೇಲೆ ನಮಗೆ ಹಗೆ ಇಲ್ಲ. ಒಳ್ಳೆಯವರೇ ಇರಬಹುದು. ನಮ್ಮ ಪ್ರಶ್ನೆ ಆ ಹಾರಕ್ಕೆ. ಕೆಲಸ ಬಿಡುವುದಕ್ಕೂ ಆಸ್ತಿ ಬೇಕು ಗೆಳೆಯರೇ. ಕಂಪನಿ ಬಿಟ್ಟವನ ಬೆನ್ನಿಗೆ ಅಪ್ಪ ಕಟ್ಟಿಸಿದ ಮನೆ ಇರುತ್ತದೆ, ಬ್ಯಾಂಕಿನಲ್ಲಿ ಠೇವಣಿ ಇರುತ್ತದೆ, ಸಾಕು ಬಾರಪ್ಪ ಅಂತ ವಾಪಸ್ಸು ಕರೆದು ಬೇರೆ ಕಡೆ ಸೇರಿಸುವ ಚಿಕ್ಕಪ್ಪ ಇರುತ್ತಾನೆ. ಹಳ್ಳಿಯಲ್ಲಿ ಎರಡು ವರ್ಷ ಕಳೆದು ಸೋತರೂ ಆ ಸೋಲು ‘ಅನುಭವ’ ಎಂಬ ಹೆಸರಿನಲ್ಲಿ ಮುಂದಿನ ಅರ್ಜಿಗೆ ಸೇರುತ್ತದೆ. ನಮ್ಮಲ್ಲಿ ಒಬ್ಬ ಪ್ರೈಮರಿ ಮೇಷ್ಟ್ರಾದರೆ, ಒಬ್ಬಳು ನರ್ಸಾದರೆ, ಆ ಸಂಬಳಕ್ಕೆ ಎಂಟು ಹೊಟ್ಟೆ ಕಾದಿರುತ್ತವೆ. ತಂಗಿ ಮದುವೆಯ ಸಾಲ, ಅಣ್ಣನ ಮಕ್ಕಳ ಓದು, ಅಪ್ಪನ ಔಷಧಿ. ಅವನು ರಾಜೀನಾಮೆ ಕೊಟ್ಟರೆ ಯಾರೂ ಪೇಟ ತೊಡಿಸುವುದಿಲ್ಲ. ತಲೆಕೆಟ್ಟಿದೆ ಅಂತಾರೆ. ಮೊದಲು ಅನ್ನುವವಳು ಅವನ ಹೆತ್ತವ್ವ. ಅವಳು ಹೇಳುವುದು ಸರಿಯಾಗಿಯೂ ಇದೆ.

ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದವರು ಯಾರು? ಪ್ರೊ. ಬಿ. ಕೃಷ್ಣಪ್ಪನವರು ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಲೇ ಚಳವಳಿ ಕಟ್ಟಿದರು. ಅವರ ಜೊತೆಗಿದ್ದವರಲ್ಲಿ ಮೇಷ್ಟ್ರುಗಳು, ಗುಮಾಸ್ತರು, ಹಾಸ್ಟೆಲ್ ಹುಡುಗರು ಬಹಳ. ಶನಿವಾರ ಕೊನೆ ಗಂಟೆ ಹೊಡೆದ ಮೇಲೆ ಬಸ್ಸು ಹತ್ತಿ, ರಾತ್ರಿ ಯಾವುದೋ ಕೇರಿಯ ಜಗಲಿಯಲ್ಲಿ ಸಭೆ ನಡೆಸಿ, ಸೋಮವಾರ ಬೆಳಗ್ಗೆ ಹಾಜರಿ ಪುಸ್ತಕಕ್ಕೆ ರುಜು ಹಾಕುತ್ತಿದ್ದರು. ಜಮೀನಿಗೆ, ಕುಡಿಯುವ ನೀರಿಗೆ, ಜೀತದ ವಿರುದ್ಧ ಹೋರಾಡಿದ ಇವರನ್ನು ಯಾರೂ ಸಮಾಜಸೇವಕರು ಅನ್ನಲಿಲ್ಲ. ಜಾತಿವಾದಿಗಳು ಅಂದರು. ಬಿಟ್ಟು ಬರಲು ದೊಡ್ಡ ಸಂಬಳ ಇಲ್ಲದವನ ದುಡಿಮೆ ಈ ದೇಶದಲ್ಲಿ ಸೇವೆಯ ಲೆಕ್ಕಕ್ಕೆ ಬರುವುದಿಲ್ಲವೋ ಏನೋ.

ಈಗ ನಮ್ಮ ಕೇರಿಯ ಒಬ್ಬ ಹುಡುಗಿಯ ವಿಚಾರ. ಅವಳು ಎಂ.ಎಸ್‌.ಡಬ್ಲ್ಯೂ. ಓದಿದವಳು, ಅವರ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದ ಮೊದಲನೆಯವಳು. ಸಮಾಜಕಾರ್ಯವನ್ನು ವಿದ್ಯೆಯಾಗಿ ಕಲಿಸುವ ಶಾಲೆ ಈ ದೇಶದಲ್ಲಿ ಶುರುವಾದದ್ದು 1936ರಲ್ಲಿ, ಬೊಂಬಾಯಿಯಲ್ಲಿ, ಟಾಟಾ ಹೆಸರಿನಲ್ಲಿ. ಅದೇ ವರ್ಷ ಅದೇ ಊರಿನಿಂದ ಬಾಬಾಸಾಹೇಬರು ಜಾತಿವಿನಾಶದ ಪುಸ್ತಕವನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ನಮ್ಮ ಹುಡುಗಿ ಎರಡನ್ನೂ ಓದಿಕೊಂಡಿದ್ದಾಳೆ. ಒಂದು ಸಂಸ್ಥೆಯಲ್ಲಿ ಆರು ವರ್ಷದಿಂದ ಕ್ಷೇತ್ರ ಕಾರ್ಯಕರ್ತೆ. ಪ್ರತಿ ವರ್ಷ ಮಾರ್ಚಿಗೆ ಕೆಲಸ ಮುಗಿಯುತ್ತದೆ, ಏಪ್ರಿಲಿಗೆ ಮತ್ತೆ ಕಾಗದಕ್ಕೆ ರುಜು. ಸನ್ಮಾನ ಮಾಡಿಸಿಕೊಂಡ ಯುವಕರು ಬಂದ ಮೂರೇ ತಿಂಗಳಿಗೆ ಅದೇ ಸಂಸ್ಥೆಯಲ್ಲಿ ಅವಳ ಮೇಲಿನ ಸಂಯೋಜಕರಾದರು. ಯಾವ ಮನೆಯಲ್ಲಿ ಕುಡಿತ ಇದೆ, ಯಾವ ಮನೆಯ ಹೆಣ್ಣುಮಗು ಸ್ಕೂಲು ಬಿಟ್ಟಿದೆ, ಯಾರನ್ನು ಯಾವ ಹೊತ್ತಿನಲ್ಲಿ ಮಾತಾಡಿಸಬೇಕು, ಎಲ್ಲ ಹೇಳಿಕೊಟ್ಟವಳು ಇವಳು. ವರದಿ ಇಂಗ್ಲಿಷಿನಲ್ಲಿ ಅವರದು. ಅವಳಿಗೆ ಇಂಗ್ಲಿಷ್ ಸರಾಗ ಬರುವುದಿಲ್ಲ ಅನ್ನುವುದು ಸಂಸ್ಥೆಯ ವಾದ. ಸರಿ. ಅವರಿಗೆ ಕೇರಿಯ ಮಾತು ಬರುತ್ತದೆಯೇ? ಆ ಪರೀಕ್ಷೆಯನ್ನು ಯಾರೂ ಇಡಲಿಲ್ಲ.

ಸಂಬಳದ ಮಾತು ಎತ್ತಿದಾಗ ಸಂಸ್ಥೆಯ ಹಿರಿಯರು ಅವಳಿಗೆ ಹೇಳಿದ್ದು: ‘ಏನಮ್ಮಾ, ಅವರು ಅಷ್ಟು ದೊಡ್ಡ ಕೆಲಸಾನೇ ಬಿಟ್ಟು ಬಂದಿದ್ದಾರೆ, ನೀನು ಸಂಬಳ ಸಂಬಳ ಅಂತೀಯಲ್ಲ, ಸೇವಾ ಮನೋಭಾವ ಬೇಡವಾ?’ ನೋಡಿ, ಒಬ್ಬರ ತ್ಯಾಗ ಇನ್ನೊಬ್ಬರ ಕೂಲಿಯನ್ನು ಹೇಗೆ ತಿನ್ನುತ್ತದೆ!

ಇದು ಒಂದು ಸಂಸ್ಥೆಯ ಬುದ್ಧಿ ಅಲ್ಲ, ಸರ್ಕಾರದ ಬುದ್ಧಿಯೂ ಇದೇ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಐಸಿಡಿಎಸ್ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಅಂಗನವಾಡಿ ಬಂದದ್ದು ಟಿ. ನರಸೀಪುರ ತಾಲ್ಲೂಕಿಗೆ. ಅವತ್ತಿನಿಂದ ಐವತ್ತು ವರ್ಷ ಕಳೆದರೂ ಟೀಚರಮ್ಮ ‘ಕಾರ್ಯಕರ್ತೆ’, ಅವಳಿಗೆ ಸಿಗುವುದು ‘ಗೌರವಧನ’. ಮಗುವನ್ನು ತೂಗಬೇಕು, ಉಣ್ಣಿಸಬೇಕು, ಬಸುರಿಯರ ಪಟ್ಟಿ ಬರೆಯಬೇಕು, ಚುನಾವಣೆ ಬಂದರೆ ಮನೆಮನೆ ಸುತ್ತಬೇಕು. ಇಷ್ಟೆಲ್ಲ ಮಾಡಿದ ಮೇಲೂ, 2006ರಲ್ಲಿ ಕರ್ನಾಟಕ ಸರ್ಕಾರವೇ ಒಂದು ಕಡೆಯಾಗಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇವರದು ಸರ್ಕಾರಿ ಹುದ್ದೆ ಅಲ್ಲ ಅಂದಿತು. ಇವರಿಗೂ ಗ್ರಾಚುಟಿಯ ಹಕ್ಕಿದೆ ಎಂದು ಅದೇ ಕೋರ್ಟು ಹೇಳಲು 2022 ಬರಬೇಕಾಯಿತು. 2005ರಲ್ಲಿ ಬಂದ ಆರೋಗ್ಯ ಅಭಿಯಾನದ ಆಶಾ ಹೆಣ್ಣುಮಕ್ಕಳಿಗಂತೂ ಸ್ವಯಂಸೇವಕಿ ಎಂದೇ ಹೆಸರು. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಹಗಲು ಕೂತು ತಿಂಗಳಿಗೆ 15,000 ರೂಪಾಯಿ ಕೇಳಿದರು. 10,000ದ ಭರವಸೆ ಕೈಗೆ ಬಂತು. ಅಲ್ಲಿ ಯಾರೂ ಅವರಿಗೆ ಶಾಲು ಹೊದಿಸಲಿಲ್ಲ, ಶಾಲಿನ ಅಗತ್ಯ ನಿಜವಾಗಿ ಇದ್ದದ್ದು ಅಲ್ಲೇ.

ಇನ್ನು ವೃತ್ತಿ ಬದಲಿಸಲೇಬೇಕಾದವರ ಕಥೆ ಕೇಳಿ. ಮಲ ಹೊರುವ ಪದ್ಧತಿ ನಿಲ್ಲಬೇಕೆಂದು ಬಸವಲಿಂಗಪ್ಪನವರು ಮಂತ್ರಿಯಾಗಿ ಆಜ್ಞೆ ಮಾಡಿದ್ದು ಎಪ್ಪತ್ತರ ದಶಕದಲ್ಲಿ. ಕೇಂದ್ರದ ಕಾನೂನು ಬಂದದ್ದು 1993ರಲ್ಲಿ. ಆಮೇಲೂ 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಕುಟುಂಬದವರು, ಬೇರೆ ಯಾವ ಭಾಷೆಯೂ ಕೇಳಿಸುವುದಿಲ್ಲವೆಂದು ಗೊತ್ತಾದ ಮೇಲೆ, ನಡುಬೀದಿಯಲ್ಲಿ ಮೈಮೇಲೆ ಮಲ ಸುರಿದುಕೊಂಡರು. 2013ರಲ್ಲಿ ಇನ್ನೊಂದು ಕಾನೂನು. ಅದರಡಿ ಈ ಕೆಲಸ ಬಿಟ್ಟವರಿಗೆ ಒಂದು ಸಲದ ನೆರವು 40,000 ರೂಪಾಯಿ, ಜೊತೆಗೆ ಸಾಲ, ತರಬೇತಿಯ ಮಾತು. ಚರಂಡಿಯೊಳಗೆ ಸತ್ತರೆ 10 ಲಕ್ಷ ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು, 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಸತ್ತವನಿಗೆ 30 ಲಕ್ಷ, ಬದುಕಿ ಹೊರಬಂದವನ ಕೈಗೆ 40 ಸಾವಿರ. ಆ ದುಡ್ಡಲ್ಲಿ ಅವನು ಚಹಾದಂಗಡಿ ಇಟ್ಟನೆನ್ನಿ. ಅವನ ಕೈಯ ಚಹಾ ಯಾರು ಕುಡಿಯುತ್ತಾರೆ? ಮೇಲಿಂದ ಕೆಳಗೆ ಇಳಿಯುವವನಿಗೆ ಊರೆಲ್ಲ ಕೈಹಿಡಿಯುತ್ತದೆ. ಕೆಳಗಿಂದ ಹೊರಗೆ ಕಾಲಿಟ್ಟವನಿಗೆ ಒಂದು ಲೋಟ ಚಹಾದ ಗಿರಾಕಿ ಸಿಗುವುದಿಲ್ಲ.

ಸೇವೆ ಅನ್ನುವ ಈ ಮಾತಿನ ಹುಟ್ಟನ್ನು ಸ್ವಲ್ಪ ಕೆದಕಬೇಕು. 1932ರ ಸೆಪ್ಟೆಂಬರಿನಲ್ಲಿ ಪೂನಾ ಒಪ್ಪಂದ ಆಯಿತು. ಅದರ ಹಿಂದೆಯೇ ಹರಿಜನ ಸೇವಕ ಸಂಘ ಹುಟ್ಟಿತು. ಅದರ ಆಡಳಿತದಲ್ಲಿ ಅಸ್ಪೃಶ್ಯರಿಗೆ ಜಾಗ ಯಾಕಿಲ್ಲ ಅಂದರೆ ಗಾಂಧೀಜಿಯವರ ಉತ್ತರ: ಇದು ಸವರ್ಣೀಯರ ಪ್ರಾಯಶ್ಚಿತ್ತ, ಸಾಲ ತೀರಿಸಬೇಕಾದವರು ಅವರು. ಬಾಬಾಸಾಹೇಬರು ಇದನ್ನು 1945ರ ತಮ್ಮ ಪುಸ್ತಕದಲ್ಲಿ ಜಾಲಾಡಿದ್ದಾರೆ. ಪ್ರಾಯಶ್ಚಿತ್ತ ನಿಮ್ಮದು, ಸರಿ. ಆದರೆ ದುಡ್ಡು ನಮ್ಮ ಹೆಸರಿನದು, ಕೇರಿ ನಮ್ಮದು, ಕಾಯಿಲೆ ನಮ್ಮದು. ತೀರ್ಮಾನ ಮಾತ್ರ ನಿಮ್ಮದೇಕೆ? ಅವತ್ತಿನ ಖಾದಿ ಹೋಗಿ ಇವತ್ತು ಲ್ಯಾಪ್‌ಟಾಪ್ ಬಂದಿದೆ. ಆಡಳಿತದ ಕುರ್ಚಿ ಅಲ್ಲೇ ಇದೆ.

ಹಾಗಾದರೆ ಮೇಲಿನವರು ಬರಲೇಬಾರದೇ ಅಂತ ಕೇಳುವವರಿಗೆ ನಾವು ಕುದ್ಮುಲ್ ರಂಗರಾಯರನ್ನು ತೋರಿಸುತ್ತೇವೆ. ಸಾರಸ್ವತ ಬ್ರಾಹ್ಮಣ, ಮಂಗಳೂರಿನ ವಕೀಲ. 1897ರಲ್ಲಿ ದಲಿತರಿಗಾಗಿ ಮಿಷನ್ ಕಟ್ಟಿ ಶಾಲೆ ತೆರೆದರು. ಅವರಿಗೆ ಪೇಟ ಸಿಗಲಿಲ್ಲ, ಸ್ವಜಾತಿಯ ಬಹಿಷ್ಕಾರ ಸಿಕ್ಕಿತು. 1928ರಲ್ಲಿ ಸಾಯುವ ಮುಂಚೆ, ತಮ್ಮ ಅಂತ್ಯಸಂಸ್ಕಾರ ದಲಿತರ ಕೈಯಿಂದಲೇ ಆಗಬೇಕೆಂದು ಬಯಸಿದರು. ಅವರು ಬಿಟ್ಟದ್ದು ವಕೀಲಿಕೆಯನ್ನಷ್ಟೇ ಅಲ್ಲ. ಇವತ್ತು ಕೆಲಸ ಬಿಟ್ಟು ಬರುವವರಲ್ಲಿ ಎಷ್ಟು ಜನ ತಮ್ಮ ಅಗ್ರಹಾರದಲ್ಲಿ, ತಮ್ಮ ಮಠದಲ್ಲಿ, ತಮ್ಮ ಮನೆಯ ಮದುವೆಯ ಮಾತುಕತೆಯಲ್ಲಿ ಸಮಾಜಸೇವೆ ಮಾಡಿದ್ದಾರೆ? ರೋಗ ಇರುವುದು ಅಲ್ಲಿ. ಡಾಕ್ಟರು ಮಾತ್ರ ಸದಾ ನಮ್ಮ ಕೇರಿಗೇ ಬರುತ್ತಾರೆ!

ಬನ್ನಿ, ಬೇಡ ಅನ್ನುವುದಿಲ್ಲ. ಬಂದವರು ಮೊದಲ ಎರಡು ವರ್ಷ ಅಂಗನವಾಡಿ ಟೀಚರಮ್ಮನ ಕೈಕೆಳಗೆ ದುಡಿಯಲಿ, ಅವರು ಹೇಳಿದ ಮನೆಗೆ ಹೋಗಲಿ, ಅವರ ರಿಜಿಸ್ಟರ್ ಬರೆಯಲಿ. ಸಂಬಳ ಬೇಡ ಅನ್ನುವ ದೊಡ್ಡತನ ತೋರಿಸುವುದು ಬೇಡ. ಸಂಬಳ ತಗೊಳ್ಳಲಿ, ಪಕ್ಕದಲ್ಲಿರುವವರಿಗೆ ಅಷ್ಟೇ ಕೊಡಿಸಲಿ. ಆಶಾ ಹೆಣ್ಣುಮಕ್ಕಳು ಮುಷ್ಕರ ಹೂಡಿದ ದಿನ ಅವರ ಕೆಲಸ ತಾವು ಮಾಡಿಕೊಡಲು ಹೋಗದೆ ಜಮಖಾನದ ಮೇಲೆ ಜೊತೆಗೆ ಕೂರಲಿ.

ನಮ್ಮ ವಿದ್ಯಾರ್ಥಿಗಳಿಗೂ ಒಂದು ಮಾತು. ಎಂ.ಎಸ್‌.ಡಬ್ಲ್ಯೂ. ಸೇರುವ ತಮ್ಮ ತಂಗಿಯರೇ, ‘ಸೇವಾ ಮನೋಭಾವ’ ಅಂತ ಯಾರಾದರೂ ಅಂದ ಕೂಡಲೇ ನೇಮಕಾತಿ ಪತ್ರ ಕೇಳಿ, ಭವಿಷ್ಯನಿಧಿ ಕೇಳಿ, ಹೆರಿಗೆ ರಜೆ ಕೇಳಿ. ನಾಚಿಕೆ ಬೇಡ. ನಮ್ಮ ಅಜ್ಜಿಯರು ಬಿಟ್ಟಿ ಚಾಕರಿಯನ್ನು ಬೇಕಾದಷ್ಟು ಮಾಡಿ ಮುಗಿಸಿದ್ದಾರೆ.

ನಮ್ಮ ಕೇರಿಯ ಹುಡುಗಿ ಈಗ ಸಂಸ್ಥೆಗೆ ಅರ್ಜಿ ಬರೆದಿದ್ದಾಳೆ. ಆರು ವರ್ಷದಲ್ಲಿ ಯಾರ್ಯಾರಿಗೆ ಎಷ್ಟೆಷ್ಟು ಸಂಬಳ ಕೊಟ್ಟಿದ್ದೀರಿ, ಪಟ್ಟಿ ಕೊಡಿ ಎಂದು. ಕನ್ನಡದಲ್ಲೇ ಬರೆದಿದ್ದಾಳೆ. ಅರ್ಜಿ ತಲುಪಿದ್ದಕ್ಕೆ ಸೀಲು ಬಿದ್ದ ನಕಲು ನಮ್ಮಲ್ಲಿದೆ. ಎರಡು ತಿಂಗಳಾಯಿತು, ಉತ್ತರ ಬಂದಿಲ್ಲ. ಬರುವ ಭಾನುವಾರ ಮತ್ತೆ ಕೂತು ಎರಡನೇ ಅರ್ಜಿ ಬರೆಯುತ್ತೇವೆ.